ಮಲಗುವ ಚೀಲದೊಳಗೆ ತಾತ

ಹಾಸಿಗೆ ಹೊಲಿಯುವವನ ಮೊಮ್ಮಗಳು ಮಲಗುವ ಚೀಲಕ್ಕೆಂದು, ಅದೇ ಸ್ಲೀಪಿಂಗ್ ಬ್ಯಾಗಿಗೆಂದು, ಅಂಗಡಿ ಹುಡುಕುವುದೆಂದರೆ, ಕುಂಬಾರನ ಮನೆಗೆ ಮಡಕೆ ಕೊಂಡು ತಂದ ಹಾಗೆ. ತಾತನಿಗೆ ದಾರಿಯುದ್ದಕ್ಕೂ ಅದೇ ಉರಿ.

"ಐವತ್ತು ವರ್ಷ ಊರಿಗೆಲ್ಲ ಹತ್ತಿ ತುಂಬಿದೀನಿ. ನನ್ನ ರಜಾಯಿ ನಿನಗೇ ಬೇಡವಾಯ್ತಾ?"

"ಅದನ್ನ ಹೊರೋಕೆ ಒಂದು ಕತ್ತೆ ಬೇಕು, ತಾತ. ನೆಂದರೆ ಮೂರು ದಿನ ಒಣಗಲ್ಲ."

"ಕತ್ತೆ ಯಾಕೆ? ನಾನೇ ಬರ್ತೀನಿ."

ಮೊಮ್ಮಗಳದು ಬೆಟ್ಟದ ಗಿಡಗಳನ್ನು ಎಣಿಸುವ ಕೆಲಸ. ಮೊದಲ ವಾರ ಬುಡದ ಸೆಕೆ, ಆಮೇಲೆ ನಡುವಿನ ಮಳೆ, ಕೊನೆಗೆ ಬೆಳಗಾಗುವಷ್ಟರಲ್ಲಿ ನೀರು ಗಟ್ಟಿಯಾಗುವ ನೆತ್ತಿ. ಎಲ್ಲಕ್ಕೂ ಒಂದೇ ಚೀಲ, ಅದೂ ಕೈಗೆಟಕುವ ಬೆಲೆಯದು. ಆರನೇ ವಯಸ್ಸಿನಲ್ಲಿ ಅವಳು ಎದೆಗೆ ಶೀತ ಕಟ್ಟಿ ಹನ್ನೊಂದು ದಿನ ನಡುಗಿದ್ದಳು. ತಾತ ಆ ಹನ್ನೊಂದು ದಿನವೂ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಅದಕ್ಕೇ ಈಗ ಕರಾರು: ತಾತ ಮುಟ್ಟಿ ಒಪ್ಪಿದ ಚೀಲ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಅವಳು ಮಾತು ಕೊಟ್ಟಿದ್ದಳು.

ಅಂಗಡಿಯವನು ಮಿರಮಿರ ಮಿಂಚುವ ನೀಲಿ ಚೀಲವನ್ನು ಹರಡಿದ. "ಮೈನಸ್ ಹತ್ತು, ಯಜಮಾನ್ರೇ! ಮಂಜುಗಡ್ಡೆ ಮೇಲೆ ಮಲಗಿಸಿ."

ಮೊಮ್ಮಗಳು ಒಳಗಿನ ಚೀಟಿ ತಿರುವಿದಳು. "ಇಲ್ಲಿ ಮೂರು ಅಂಕೆ ಇದೆ ತಾತ. ಹಾಯಾಗಿ ನಿದ್ದೆ ಬರೋದು ಐದು ಡಿಗ್ರಿವರೆಗೆ. ಮುದುರಿಕೊಂಡು ಹೇಗೋ ಮಲಗೋದು ಸೊನ್ನೆವರೆಗೆ. ಮೈನಸ್ ಹತ್ತು ಅಂದರೆ ಬರೀ ಜೀವ ಉಳಿಯೋ ಲೆಕ್ಕ."

"ಶಿವನೇ! ನಿದ್ದೆಗೂ ಸಾವಿಗೂ ಒಂದೇ ಚೀಟಿನಾ?"

ತಾತ ಹೆಬ್ಬೆರಳು, ತೋರುಬೆರಳ ನಡುವೆ ಹೊಲಿಗೆ ಹಿಡಿದರು. ಅಲ್ಲಿ ಪದರಗಳ ನಡುವೆ ಹತ್ತಿಯಂಥ ತುಂಬು ಇರಲಿಲ್ಲ. ಬೆರಳಿಗೆ ಬೆರಳು ತಾಕಿತು. "ಸೂಜಿ ಮೇಲಿಂದ ಕೆಳಗೆ ಆರಪಾರ ಹೋಗಿದೆ. ಸೂಜಿ ಹೋದ ದಾರಿಯಲ್ಲೇ ಚಳಿ ಬರುತ್ತೆ. ಬೇಡ."

ಎರಡು, ಮೂರು, ನಾಲ್ಕು ಚೀಲ. ಎಲ್ಲವೂ ಬೇಡ. ಮೊಮ್ಮಗಳ ಮುಖ ಬಾಡುತ್ತ ಬಂತು. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ, ಜಿಪ್ಪಿನ ಹಿಡಿ ಮುರಿದು ಅಗ್ಗವಾಗಿದ್ದ, ಹೋದ ವರ್ಷದ ಮಣ್ಣುಬಣ್ಣದ ಚೀಲವೊಂದು ತಾತನ ಕೈಗೆ ಬಂತು. ಬೆರಳು ಹುಡುಕಿತು. ಮತ್ತೆ ಹುಡುಕಿತು, ಎಲ್ಲೂ ಬೆರಳಿಗೆ ಬೆರಳು ತಾಕಲಿಲ್ಲ. ಮೇಲಿನ ಪದರದ ಹೊಲಿಗೆ ಒಂದು ಕಡೆ, ಒಳಪದರದ್ದು ಇನ್ನೊಂದು ಕಡೆ, ಇಟ್ಟಿಗೆ ಗೋಡೆಯ ಸಂದುಗಳ ಹಾಗೆ.

"ಇದನ್ನ ಹೊಲಿದ ಪುಣ್ಯಾತ್ಮ ಯಾರಪ್ಪಾ?" ತಾತನ ದನಿ ತಗ್ಗಿತ್ತು.

"ಸುಖದ ಅಂಕೆಯೇ ಮೈನಸ್ ಎರಡು," ಮೊಮ್ಮಗಳು ಓದಿದಳು. "ಪಾಲಿಯೆಸ್ಟರ್ ಎಳೆಯ ತುಂಬು, ನೆಂದರೂ ಬೇಗ ಒಣಗುತ್ತೆ. ಸೆಕೆಗೆ ಜಿಪ್ಪು ಪೂರ್ತಿ ಬಿಚ್ಚಿ ಹೊದಿಕೆ ಮಾಡ್ಕೊಬಹುದು."

"ತಡಿ. ಒಳಗೆ ಹೋಗಿ ನೋಡಬೇಕು."

ಎಪ್ಪತ್ತೆರಡರ ತಾತ ಚಪ್ಪಲಿ ಬಿಟ್ಟು ಅಂಗಡಿಯ ನೆಲದಲ್ಲಿ ಚೀಲದೊಳಗೆ ಇಳಿದರು. ಮೊದಲು ಬಾವಿಯ ನೀರಿನಂಥ ತಣ್ಣನೆ ಬಟ್ಟೆ. ಆಮೇಲೆ ಎಲ್ಲಿಂದಲೋ ಮೊಣಕಾಲಿಗೆ, ಬೆನ್ನಿಗೆ, ಅಂಗೈಗೆ ಕಾವು ಏರತೊಡಗಿತು.

"ಇದರೊಳಗೆ ಕರೆಂಟಿನ ತಂತಿ ಇದೆಯೇನಪ್ಪಾ?"

ಅಂಗಡಿಯವನು ನಕ್ಕ. "ಚೀಲಕ್ಕೆಲ್ಲಿಯ ಬಿಸಿ, ಯಜಮಾನ್ರೇ? ಅದು ನಿಮ್ಮದೇ. ಚೀಲ ಹೊರಗೆ ಬಿಡಲ್ಲ, ಅಷ್ಟೆ."

ತಾತ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. "ನನ್ನ ಹತ್ತಿ ಬಿಸಿ ಕೊಡುತ್ತೆ" ಎಂದು ಐವತ್ತು ವರ್ಷ ಗಿರಾಕಿಗಳಿಗೆ ಹೇಳಿದ್ದರು. ಹತ್ತಿ ಏನೂ ಕೊಟ್ಟಿರಲಿಲ್ಲ. ಬಿಸಿ ಈ ಮೈಯದೇ, ಎಪ್ಪತ್ತೆರಡು ವರ್ಷದ ಹಿಂದೆ ಯಾರೋ ಹಚ್ಚಿಟ್ಟು ಹೋದ ಒಲೆ. ಇವರು ಒಮ್ಮೆಯೂ ಊದಿದ್ದಿಲ್ಲ, ಸೌದೆ ಇಟ್ಟೆನೆಂದು ನೆನೆದದ್ದೂ ಇಲ್ಲ. ಆ ಹನ್ನೊಂದು ದಿನ ಮಗುವಿನ ಪುಟ್ಟ ಎದೆಯೊಳಗೂ ಅದು ಆರಿರಲಿಲ್ಲ. ತಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದರು. ಕಾದವನು ಬೇರೆ.

"ತಾತ, ಏಳ್ತೀಯಾ? ಜನ ನೋಡ್ತಿದ್ದಾರೆ."

"ನೋಡಲಿ ಬಿಡು. ದೇವರ ಮನೇಲಿದೀನಿ."

ಬಹಳ ಹೊತ್ತಾದ ಮೇಲೆ ಎದ್ದರು. ಜೇಬಿನಿಂದ ಹಾಸಿಗೆ ಹೊಲಿಯುವ ದಪ್ಪ ದಾರ ತೆಗೆದು, ಹಲ್ಲಲ್ಲಿ ಕತ್ತರಿಸಿ, ಮುರಿದ ಜಿಪ್ಪಿಗೆ ಹೊಸ ಹಿಡಿ ಕಟ್ಟತೊಡಗಿದರು. ಮೊಮ್ಮಗಳು ಉಸಿರು ಬಿಗಿಹಿಡಿದು ಆ ಬೆರಳುಗಳನ್ನೇ ನೋಡಿದಳು. ಗಂಟು ಬಿಗಿಯಾಯಿತು.

"ಚೀಲದ ಕೆಳಗೆ ಹಾಸೋಕೆ ಒಂದು ಚಾಪೆನೂ ತಗೋ," ಎಂದರು ತಾತ. "ಮೈಭಾರ ಬಿದ್ದರೆ ಬೆನ್ನ ಕೆಳಗಿನ ಎಂಥ ತುಂಬೂ ಚಪ್ಪಟೆನೇ."