ಐಝಾನಳ ಕೈಗೆ ಕೊಟ್ಟ ದ್ರಾಕ್ಷಿ ಕಡ್ಡಿ

ಪಾಠ ಮುಗಿದಾಗಲೆಲ್ಲ ರಾಡ್ಕಾ ಮೇಡಂ ಕೇಳುತ್ತಿದ್ದುದು ಒಂದೇ ಮಾತು: "ಅರ್ಥ ಆಯ್ತಾ?" ಇಡೀ ತರಗತಿ ಆಯಿತು ಎನ್ನುತ್ತಿತ್ತು. ಬಲ್ಗೇರಿಯದ ಬಯಲುಸೀಮೆಯ ವಿಶ್ವವಿದ್ಯಾಲಯವೊಂದರಲ್ಲಿ ಅವರು ದ್ರಾಕ್ಷಿ ಬೇಸಾಯ ಕಲಿಸುತ್ತಿದ್ದರು. ಊರಿನ ಹುಡುಗರ ಜೊತೆ ಘಾನಾ, ವಿಯೆಟ್ನಾಂ, ಕಜಕಿಸ್ತಾನದವರೂ ಕೂರುತ್ತಿದ್ದರು. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಯ ಚೀಟಿ ಎತ್ತಿ ಎದುರು ನಿಂತಾಗ ಮಾತ್ರ ಹಲವರ ಬಾಯಿ ಕಟ್ಟುತ್ತಿತ್ತು. ಕಜಕಿಸ್ತಾನದ ಐಝಾನ್ ಅಂತೂ ನೆಲ ನೋಡುತ್ತ ನಿಂತು, ಹಾಗೆಯೇ ಹೊರಟುಹೋಗಿದ್ದಳು. ಇನ್ನೊಮ್ಮೆ ತಪ್ಪಿದರೆ ಅವಳು ಓದು ಬಿಟ್ಟು ಊರಿಗೆ ಮರಳಬೇಕು.

ಜೇನು ಸಾಕಣೆ ಕಲಿಸುವ ಲ್ಯೂಬೆನ್, ರಾಡ್ಕಾರ ಹಳೆಯ ಸಹಪಾಠಿ. ಚೀಸ್ ತುಂಬಿದ ಬಾನಿತ್ಸಾ ಎಂಬ ತಿಂಡಿ ಮುರಿದುಕೊಳ್ಳುತ್ತ ರಾಡ್ಕಾ ಈ ಚಿಂತೆಯನ್ನು ಅವನ ಮುಂದಿಟ್ಟರು.

"ಅಲ್ಲ ಕಣೇ, ಅರ್ಥ ಆಗ್ಲಿಲ್ಲ ಅಂತ ಎಲ್ಲರ ಮುಂದೆ ಯಾರು ಹೇಳ್ತಾರೆ? ನೀನು ಹೇಳಿದ್ಯಾ ಆ ಕಾಲದಲ್ಲಿ?"

"ಹಾಗಂತ ಒಬ್ಬೊಬ್ಬರಿಗೆ ಒಂದೊಂದು ಪಾಠ ಮಾಡ್ಲಾ? ಇದೇನು ಶಿಶುವಿಹಾರವಾ?"

"ಪಾಠ ಒಂದೇ ಇರ್ಲಿ. ಬಾಯಲ್ಲಿ ಹೇಳು, ಬರೆದು ತೋರ್ಸು, ಕೈಗೂ ಕೊಡು. ಎಲ್ಲಾ ಎಲ್ಲರಿಗೂ. ಆಮೇಲೆ ಅರ್ಥ ಆಯ್ತಾ ಅನ್ಬೇಡ, ಮಾಡಿ ತೋರ್ಸಿ ಅನ್ನು."

ಮರುವಾರ ರಾಡ್ಕಾ ಗೊಣಗುತ್ತಲೇ ಒಂದು ಹೊರೆ ದ್ರಾಕ್ಷಿ ಕಡ್ಡಿ ತಂದು ಮೇಜುಗಳ ಮೇಲೆ ಹರವಿದರು. ಚಾಟನಿ, ಅಂದರೆ ಬಳ್ಳಿ ಸವರುವ ಬಗೆ ಹೇಳಿದರು, ಹಲಗೆಯ ಮೇಲೆ ಚಿತ್ರ ಬರೆದರು, ಕತ್ತರಿ ಹಂಚಿದರು. ಮೊದಲು ಪಕ್ಕದವರೊಂದಿಗೆ ನಿಮಗೆ ಬರುವ ಭಾಷೆಯಲ್ಲಿ ಮಾತಾಡಿಕೊಳ್ಳಿ ಎಂದರು. ತರಗತಿ ಸಂತೆಯಾಯಿತು. ಸದಾ ಮೊದಲು ಉತ್ತರ ಹೇಳುವ ಊರಹುಡುಗ ಸ್ಪಾಸ್ ಚಿಗುರೊಡೆಯುವ ಕಣ್ಣಿನ ಮೇಲೇ ಕತ್ತರಿ ಆಡಿಸಿಬಿಟ್ಟ. ಬಳ್ಳಿಗೆ ಕ್ಷೌರ ಮಾಡ್ದೆಯೇನೋ ಎಂದು ಘಾನಾದ ಎಫುವಾ ಕಿಚಾಯಿಸಿದಳು.

ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಐಝಾನ್ ತಲೆಯೆತ್ತಿದಳು.

"ಮೇಡಂ, ನಮ್ಮೂರಲ್ಲಿ ಚಳಿಗಾಲಕ್ಕೆ ಬಳ್ಳೀನ ಮಣ್ಣಲ್ಲಿ ಮುಚ್ಚಿಡ್ತೀವಿ. ಆದ್ರೂ ಒಂದಷ್ಟು ಕಣ್ಣು ಸತ್ತೋಗುತ್ತೆ. ಹಂಗಾದ್ರೆ ಕತ್ತರಿಸುವಾಗ ಕಣ್ಣು ಜಾಸ್ತಿ ಬಿಡಬೇಕಲ್ವಾ?"

ಅವಳ ದನಿಯನ್ನು ಹಲವರು ಕೇಳಿದ್ದು ಅಂದೇ ಮೊದಲು. ರಾಡ್ಕಾ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ನಿಮ್ಮಲ್ಲಿ ಹೇಗೆ ಮಾಡುತ್ತಾರೆ ಹೇಳು ಎಂದರು. ಹೊತ್ತು ಮುಗಿದರೂ ಯಾರೂ ಏಳಲಿಲ್ಲ.

ಪರೀಕ್ಷೆಯ ದಿನ ಚೀಟಿ ಎತ್ತಿದ ಐಝಾನಳ ಬಾಯಿ ಮತ್ತೆ ಕಟ್ಟಿತು. ರಾಡ್ಕಾ ಕಡ್ಡಿ, ಕತ್ತರಿ ಮುಂದಿಟ್ಟರು. ಕೈ ನಡೆದಂತೆ ಮಾತೂ ಬಂತು. ಎಷ್ಟು ಬಂತೆಂದರೆ, "ಪಾಸಾದೆ ಕಣಮ್ಮಾ, ಸಾಕು. ಹೊರಗೆ ಇನ್ನೂ ಜನ ಕಾಯ್ತಿದಾರೆ" ಎಂದು ರಾಡ್ಕಾ ನಗುತ್ತ ತಡೆಯಬೇಕಾಯಿತು.

ಪಾಠ ಹೇಳುವವರೇ, ನಿಮ್ಮ ತರಗತಿಯಲ್ಲೂ ಸುಮ್ಮನೆ ಕೂತವರಿದ್ದಾರೆ. ಅವರಿಗೆ ಬಾರದು ಎಂದುಕೊಳ್ಳಬೇಡಿ. ನಾಳೆಯ ಪಾಠವನ್ನು ಕೇಳಿಸಿ, ಕಾಣಿಸಿ, ಕೈಯಾರೆ ಮಾಡಿಸಿ. ನಿಮ್ಮೂರಲ್ಲಿ ಹೇಗೆ ಎಂದು ಒಮ್ಮೆ ಕೇಳಿ ನೋಡಿ. ನೀವೂ ಕಲಿಯುವಂಥದ್ದು ಸಿಕ್ಕೀತು.