ಬಿಸಿಲಿದ್ದ ದಿನ ಬಂದ ಮೋಡದ ಚಿತ್ರ

ನದಿದಂಡೆಯ ಬೀದಿಯಲ್ಲಿ ಬಟ್ಟೆ ಒಗೆಯುವ ಮನೆಗಳು ನಾಲ್ಕು. ಕೊನೆಯ ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಅವರ ಮನೆಗೇ ಬರುತ್ತಿದ್ದವು. ಹಂಡೆಯಲ್ಲಿ ಕುದಿಸಿ, ಕಲ್ಲಿನ ಮೇಲೆ ಬಡಿದು, ಹಿಂಡಿ ಕೊಡುವುದೇನೋ ಕೈಯಲ್ಲಿರುವ ಕೆಲಸ. ಒಣಗಿಸುವುದು ಮಾತ್ರ ಆಕಾಶದ ಕೈಯಲ್ಲಿ. ಅರ್ಧ ಒಣಗಿದಾಗ ಮಳೆ ಹನಿಯಿತೋ, ಮತ್ತೆ ಹಂಡೆಗೆ ಬೆಂಕಿ ಹಾಕಬೇಕು.

ಬೀದಿಯಲ್ಲಿ ಹಾಕೋಣವೆಂದರೆ ಲಾರಿ ಧೂಳು. ಹಾಗಾಗಿ ನೀರು ಇಳಿದ ದಿನಗಳಲ್ಲಿ ನಾಲ್ಕೂ ಮನೆಯವರು ನದಿಯ ನಡುವಿನ ಮರಳುದಿಬ್ಬದ ಮೇಲೆ ಬಟ್ಟೆ ಹರವುತ್ತಿದ್ದರು. ಮೊಣಕಾಲುದ್ದ ನೀರು ದಾಟಿದರೆ ಆಯಿತು, ಚೊಕ್ಕ ಮರಳು, ಎಲ್ಲ ಕಡೆಯಿಂದ ಗಾಳಿ.

ದೊಡ್ಡಮ್ಮನ ಸೊಸೆ ಮುಖ್ಯರಸ್ತೆಯ ಅಂಗಡಿಯಲ್ಲಿ ರೇಡಿಯೋ, ಫ್ಯಾನು ರಿಪೇರಿ ಮಾಡುವವಳು. ಒಂದು ದಿನ ಅವಳು ತಾರಸಿಯ ಮೇಲೆ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು ಅಗಲಿಸಿದ ಕತ್ತರಿಯ ಹಾಗೆ ಕಟ್ಟುತ್ತಿದ್ದಳು. ಒಂದೊಂದು ಕಡ್ಡಿ ಒಂದೂಮುಕ್ಕಾಲು ಅಡಿ. ಅವುಗಳಿಂದ ಒಂದು ತಂತಿ ಇಳಿದು, ಬೆರಳುದ್ದದ ಒಂದು ರಿಸೀವರ್ ಮೂಲಕ ಹಳೇ ಲ್ಯಾಪ್‌ಟಾಪ್‌ಗೆ ಸೇರಿತ್ತು.

"ಇದೇನಮ್ಮ, ಕಾಗೆ ಕೂರೋಕೆ ಮಾಡಿದ್ದಾ?" ಎಂದರು ದೊಡ್ಡಮ್ಮ.

"ಇಲ್ಲ ಅತ್ತೆ, ಮೋಡದ ಫೋಟೋ ಹಿಡಿಯೋಕೆ. ಮೇಲೆ ಹವಾಮಾನ ಉಪಗ್ರಹ ಸುತ್ತುತ್ತಲ್ಲ, ಅದು ಹೋಗ್ತಾ ಹೋಗ್ತಾನೇ ಕೆಳಗಿಂದು ಫೋಟೋ ತೆಗೆದು ಆಗಿಂದಾಗ್ಲೇ ಕಳಿಸ್ತಾ ಇರುತ್ತೆ. ನಮ್ಮ ತಲೆ ಮೇಲೆ ದಾಟೋ ಹತ್ತು ಹನ್ನೆರಡು ನಿಮಿಷ ನಾವೂ ಹಿಡ್ಕೋಬಹುದು. ಇಂಟರ್ನೆಟ್ಟೂ ಬೇಡ."

"ಬಿಟ್ಟಿ ಯಾಕೆ ಕೊಡ್ತಾರೆ?"

"ರೇಡಿಯೋದಲ್ಲಿ ಹಾಡು ಬಿಟ್ಟಿ ಕೇಳಲ್ವಾ ನೀವು? ಹಂಗೇ ಇದೂನು."

ಅಷ್ಟರಲ್ಲಿ ಲ್ಯಾಪ್‌ಟಾಪ್ ಗುರುಗುಟ್ಟಿತು. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಚಿತ್ರ ಇಳಿಯತೊಡಗಿತು. ಸಮುದ್ರದ ಅಂಚು, ಬೆಟ್ಟದ ಸಾಲು, ಅಲ್ಲಲ್ಲಿ ಹತ್ತಿ ಚೆಲ್ಲಿದಂತೆ ಮೋಡ. ದೊಡ್ಡಮ್ಮ ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು.

"ನಮ್ಮನೆ ಎಲ್ಲಿ?"

"ಮನೆ ಕಾಣಲ್ಲ ಅತ್ತೆ. ನಮ್ಮ ಇಡೀ ಬೀದಿ ಸೇರಿದ್ರೂ ಇದರಲ್ಲಿ ಒಂದು ಚುಕ್ಕಿ ಆಗಲ್ಲ."

"ನಮ್ಮನೇನೇ ಕಾಣದಿರೋ ಫೋಟೋ ಇಟ್ಕೊಂಡು ನಾನೇನು ಮಾಡ್ಲಿ? ಬಾ, ಗಂಜಿ ಹಾಕೋ ಬಟ್ಟೆ ಹಾಗೇ ಬಿದ್ದಿದೆ."

ಆಮೇಲೆ ಸೊಸೆ ದಿನಾ ಬೆಳಿಗ್ಗೆ, ಸಂಜೆ ತಾರಸಿ ಹತ್ತುತ್ತಿದ್ದಳು. ದೊಡ್ಡಮ್ಮ ಗೊಣಗುತ್ತಿದ್ದರು. ಎರಡು ಸಲ ಅವಳು ಮಳೆ ಬರಬಹುದು ಎಂದಳು. ಒಂದು ಸಲ ಬಂತು, ಇನ್ನೊಂದು ಸಲ ಬರಲಿಲ್ಲ. ಬರದೇ ಇದ್ದದ್ದನ್ನೇ ದೊಡ್ಡಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು.

ಹೀಗಿರುವಾಗ ಒಂದು ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಹಿಂದಿನ ದಿನದ ಬಿರುಗಾಳಿಗೆ ಮೊಬೈಲ್ ಟವರ್ ಕೆಟ್ಟು ಯಾರ ಫೋನೂ ಕೆಲಸ ಮಾಡುತ್ತಿರಲಿಲ್ಲ. ದೊಡ್ಡಮ್ಮನ ಗಂಡ, ಮಗ ಮತ್ತು ಪಕ್ಕದ ಮನೆಗಳ ಐವರು ಮರಳುದಿಬ್ಬದ ಮೇಲಿದ್ದರು. ದೊಡ್ಡಮ್ಮ ಅಂಗಳದಲ್ಲಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಾಗ ಸೊಸೆ ಮೆಟ್ಟಿಲು ಎರಡೆರಡು ಹಾರಿ ಇಳಿದಳು.

"ಅತ್ತೆ, ನದಿ ಹುಟ್ಟೋ ಬೆಟ್ಟದ ಮೇಲೆ ಮೋಡ ಒಂದೇ ಮುದ್ದೆಯಾಗಿ ಕೂತಿದೆ. ನಿನ್ನೆ ಸಂಜೆ ಚಿತ್ರದಲ್ಲೂ ಅಲ್ಲೇ ಇತ್ತು. ಕದಲೇ ಇಲ್ಲ, ಎರಡರಷ್ಟಾಗಿದೆ."

"ಬೆಟ್ಟದ ಮೇಲೆ ತಾನೇ? ಇಲ್ಲಿ ನೋಡು ಬಿಸಿಲು."

"ಮಳೆ ಅಲ್ಲಿ ಬೀಳುತ್ತೆ. ನೀರು ಇಲ್ಲಿಗೆ ಬರುತ್ತೆ."

ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಬೀದಿ ದಾಟಿ ಆಸ್ಪತ್ರೆಗೆ ಓಡಿ, ಅಲ್ಲಿನ ತಂತಿಯ ಫೋನಿನಿಂದ ಪ್ರವಾಹ ನಿಯಂತ್ರಣ ಕೊಠಡಿಗೆ ಕೇಳಿದಳು. ಐದೇ ನಿಮಿಷದಲ್ಲಿ ಓಡುತ್ತಲೇ ವಾಪಸಾದಳು.

"ಬೆಟ್ಟದಲ್ಲಿ ರಾತ್ರಿಯೆಲ್ಲ ಸುರಿದಿದೆಯಂತೆ. ನದಿಗೆ ಯಾರೂ ಇಳೀಬಾರದು ಅಂತ ಎಲ್ಲರ ಮೊಬೈಲಿಗೂ ಸಂದೇಶ ಕಳಿಸಿದ್ದಾರಂತೆ. ನಮಗೆ ಬಂದಿಲ್ಲ ಅಷ್ಟೇ."

ದೊಡ್ಡಮ್ಮ ಇಕ್ಕಳ ಹಿಡಿದು ಹಾಗೇ ನಿಂತರು. ನೂರಕ್ಕೂ ಹೆಚ್ಚು ಹಾಸುಬಟ್ಟೆ ಇನ್ನೂ ಹಸಿ. ಸಂಜೆಗೆ ವಾರ್ಡಿಗೆ ಹೋಗಬೇಕು. ಈಗ ತೆಗೆಸಿದರೆ ಎಲ್ಲ ಮತ್ತೆ ಮೊದಲಿನಿಂದ. "ನೀರು ಬರದಿದ್ರೆ?" ಎಂದರು.

"ಬರದಿದ್ರೆ ಒಂದು ದಿನದ ಒಗೆತ ಹಾಳು. ನನ್ನ ಬೈಯಿರಿ. ಬಂದ್ರೆ ಏನು ಮಾಡೋದು ಅತ್ತೆ?"

ವಾದ ಮಾಡುವಾಗ ಸದಾ ನಗುತ್ತಿದ್ದ ಹುಡುಗಿ. ಈ ಸಲ ನಗಲಿಲ್ಲ. ದೊಡ್ಡಮ್ಮ ಇಕ್ಕಳ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನೀನು ಕರೆದ್ರೆ ಅವರು ನಗ್ತಾರೆ. ನಾನು ಕರೀತೀನಿ, ನಡಿ."

ದಂಡೆಯಲ್ಲಿ ನಿಂತು ಅವರು ಕೂಗಿದ ಕೂಗು ಆಚೆ ದಡಕ್ಕೂ ಕೇಳಿಸಿರಬೇಕು. "ರೀ, ಎಲ್ಲ ಬಿಟ್ಟು ಬನ್ನಿ. ಎಲ್ಲರೂ ಬನ್ನಿ, ಈಗ್ಲೇ."

ಯಾರಿಗೋ ಏನೋ ಆಗಿದೆ ಎಂದುಕೊಂಡು ಏಳೂ ಜನ ಕೈಗೆ ಸಿಕ್ಕ ಬಟ್ಟೆ ಬಾಚಿಕೊಂಡು ನೀರು ದಾಟಿ ಬಂದರು. ವಿಷಯ ಕೇಳಿ ದೊಡ್ಡಮ್ಮನ ಗಂಡನಿಗೆ ರೇಗಿತು. "ಮೋಡದ ಫೋಟೋ ನೋಡಿ ನಮ್ಮನ್ನ ಎಬ್ಬಿಸಿದ್ಯಾ? ಅರ್ಧ ಬಟ್ಟೆ ಅಲ್ಲೇ ಇದೆ." ಎಂದು ತಿರುಗಿ ಹೊರಟರು.

ದೊಡ್ಡಮ್ಮ ನದಿಗೆ ಇಳಿಯುವ ಮೆಟ್ಟಿಲಿಗೆ ಅಡ್ಡ ನಿಂತರು. "ಅವಳ ಫೋಟೋನ ನಾನು ನಂಬಿದೀನೋ ಇಲ್ವೋ ನನಗೇ ಗೊತ್ತಿಲ್ಲ. ಆದ್ರೆ ಪ್ರವಾಹದ ಆಫೀಸಿನವರೂ ಇಳೀಬೇಡಿ ಅಂದಿದ್ದಾರೆ, ನೀವು ವಾಪಸ್ ಹೋಗೋ ಹಾಗಿಲ್ಲ."

ಗಂಡ ಹೆಂಡತಿ ಮುಕ್ಕಾಲು ಗಂಟೆ ಅಲ್ಲೇ ಕೂತರು. ಬಿಸಿಲು ಹಾಗೇ ಇತ್ತು. ಪಕ್ಕದ ಮನೆಯವನೊಬ್ಬ ನಕ್ಕ. ಆಮೇಲೆ ನೀರಿನ ಬಣ್ಣ ಕದಡಿತು. ಕಸಕಡ್ಡಿ ತೇಲಿ ಬಂತು. ಮೇಲಿನ ತಿರುವಿನಿಂದ ಗೋಡೆ ಉರುಳಿದಂಥ ಸದ್ದು ಕೇಳಿತು. ಕಂದು ನೀರು ಬೇರುಸಹಿತ ಮರವೊಂದನ್ನು ಉರುಳಿಸಿಕೊಂಡು ಬಂದು ಮರಳುದಿಬ್ಬದ ಮೇಲೆ ಹರಿಯಿತು. ಹರವಿದ್ದ ಬಿಳಿ ಬಟ್ಟೆಗಳು ಒಮ್ಮೆ ಮೇಲೆದ್ದು ಕಾಣೆಯಾದವು. ದಿಬ್ಬವೂ ಕಾಣಲಿಲ್ಲ.

ದೊಡ್ಡಮ್ಮ ಒಬ್ಬೊಬ್ಬರನ್ನೇ ಮುಟ್ಟಿ ಎಣಿಸಿದರು. ಏಳು ಜನ. ಇನ್ನೊಮ್ಮೆ ಎಣಿಸಿದರು. ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

"ಗಂಡ, ಮಗ ಇಬ್ಬರನ್ನೂ ಉಳಿಸಿಕೊಟ್ಟೆ ಕಣಮ್ಮ," ಎಂದರು.

"ಕೂಗಿದ್ದು ನೀವು ಅತ್ತೆ," ಎಂದಳು ಅವಳು.

ಬಟ್ಟೆ ಹೋದದ್ದನ್ನು ಹೇಳಲು ದೊಡ್ಡಮ್ಮನ ಗಂಡನೇ ಆಸ್ಪತ್ರೆಗೆ ಹೋದರು. ಉಗ್ರಾಣದವರು, ಜನ ಉಳಿದರಲ್ಲ, ಅದು ಮೊದಲು ಎಂದರು.

ಮರುದಿನ ದೊಡ್ಡಮ್ಮ ನಾಲ್ಕೂ ಮನೆಯ ಹೆಂಗಸರನ್ನು ಕರೆದುಕೊಂಡು ತಾರಸಿ ಹತ್ತಿದರು. ಚಿತ್ರ ಪಟ್ಟಿಪಟ್ಟಿಯಾಗಿ ಇಳಿಯುತ್ತಿದ್ದಾಗ ಮೆಲ್ಲನೆ ಹೇಳಿದರು: "ಈ ಉಪಗ್ರಹನ ಮೇಲೆ ಬಿಟ್ಟೋರು ಯಾರೋ ಏನೋ. ಇಲ್ಲಿ ನಾವಿದೀವಿ ಅಂತಾನೂ ಅವರಿಗೆ ಗೊತ್ತಿರಲ್ಲ. ಆದ್ರೂ ನಮಗೂ ಸೇರಿಸಿ ಕಳಿಸ್ತಿದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತಲೆಯ ಮೇಲೂ ಇಂಥ ಉಪಗ್ರಹಗಳು ದಿನವೂ ದಾಟುತ್ತವೆ. ಸದ್ಯ ಯಾವುದು ಚಿತ್ರ ಕಳಿಸುತ್ತಿದೆ, ಹಿಡಿಯುವುದು ಹೇಗೆ ಎಂದು ಶಾಲೆಯ ವಿಜ್ಞಾನ ಮೇಷ್ಟ್ರನ್ನೋ ರೇಡಿಯೋ ಬಲ್ಲವರನ್ನೋ ಕೇಳಿ. ನಿಮ್ಮ ಮಹಿಳಾ ಸಂಘ, ಯುವಕ ಸಂಘದವರೆಲ್ಲ ಸೇರಿದರೆ ಒಂದು ಆಂಟೆನಾ ಕಟ್ಟುವುದು ಕಷ್ಟವಲ್ಲ. ಸಿಡಿಲಿನ ಹೊತ್ತಿನಲ್ಲಿ ಮಾತ್ರ ತಾರಸಿ ಹತ್ತಬೇಡಿ, ತಂತಿ ಮುಟ್ಟಬೇಡಿ. ಚಿತ್ರ ಮೋಡವನ್ನು ತೋರಿಸುತ್ತದೆ, ಮುಂದೇನು ಎಂಬುದನ್ನು ಹವಾಮಾನ ಇಲಾಖೆಯವರನ್ನೇ ಕೇಳಿ ತಿಳಿಯಿರಿ. ಎದ್ದು ಬನ್ನಿ ಎಂದು ಯಾರಾದರೂ ಕರೆದರೆ, ತಲೆಯ ಮೇಲೆ ಎಷ್ಟೇ ಬಿಸಿಲಿರಲಿ, ಮೊದಲು ದಡ ಸೇರಿ. ನಂಬುವುದೋ ಬಿಡುವುದೋ ದಡದಲ್ಲಿ ಕೂತು ಯೋಚಿಸಬಹುದು.