ಬಂದರೂ ಬಾರದವರು

ಸಂಘಮಿತ್ರಾ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿ ಆರು ವರ್ಷವಾಗಿತ್ತು. ಮನಸ್ಸು ಕದಡಿ ಬಂದವರಿಗೆ ಡಾಕ್ಟರು ಮಾತ್ರೆ ಬರೆದುಕೊಡುತ್ತಿದ್ದರು; ಕೂತು ಮಾತಾಡಿಸುವ ಕೆಲಸ ಅವಳದು. ಇದ್ದವಳು ಅವಳೊಬ್ಬಳೇ. ಹೊಸಬರಿಗೆ ಸರದಿ ಸಿಗಲು ನಾಲ್ಕು ತಿಂಗಳು ಹಿಡಿಯುತ್ತಿತ್ತು. ಮೂರು ಸಲ ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂಬ ನಿಯಮ ಅವಳೇ ಮಾಡಿದ್ದು. ಇಷ್ಟು ಜನ ಕಾಯುವಾಗ ಬಾರದವರಿಗಾಗಿ ಕುರ್ಚಿ ಖಾಲಿ ಇಡುವುದು ಯಾವ ನ್ಯಾಯ ಎಂಬುದು ಅವಳ ವಾದ.

ಒಂದು ಮಧ್ಯಾಹ್ನ ಹಾಗೆ ತೆಗೆಯಬೇಕಾದ ಹೆಸರುಗಳನ್ನು ನೋಡುತ್ತಿದ್ದಾಗ ಅವಳ ಕೈ ತಡೆಯಿತು. ಇಪ್ಪತ್ಮೂರು ಜನರಲ್ಲಿ ಹತ್ತೊಂಬತ್ತು ಮಂದಿ ಸಿರುಗುಪ್ಪ, ಕುರುಗೋಡು ಕಡೆಯವರು. ಮೊದಲ ಹೆಸರು ಕರೂರಿನ ಉಚ್ಚೆಂಗೆಪ್ಪನದು; ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಫೋನ್ ಎತ್ತಿದ್ದು ಹೆಂಡತಿ ಹೊನ್ನೂರಮ್ಮ.

“ಮೂರು ಸಲಾನೂ ಯಾಕ ಬರಲಿಲ್ಲ ಅಕ್ಕಾ?”

“ಬರಲಿಲ್ಲ ಅಂತ ಯಾರ್ ಹೇಳಿದ್ರಿ? ಮೂರು ಸಲಾನೂ ಬಂದೀವಲ್ರಿ ಮೇಡಂ. ಕರೂರಿಂದ ಸಿರುಗುಪ್ಪ, ಅಲ್ಲಿಂದ ಬಳ್ಳಾರಿ. ಎರಡು ಬಸ್ ಹತ್ತಿ ಇಳಿಯೋದ್ರಾಗ ಹನ್ನೊಂದು ದಾಟ್ತೈತಿ. ಹತ್ತಕ್ಕೇ ಹೆಸರು ಕೂಗೀವಿ, ಬ್ಯಾರೆ ತಾರೀಖು ತಗೊಳ್ರಿ ಅಂತ ಬಾಗಿಲಾಗ ಚೀಟಿ ಕೊಟ್ಟು ಕಳಿಸಿದ್ರು. ಮೂರನೇ ಸಲ ನಮ್ಮನಿಯವರು ಮೆಟ್ಟಲ ಮ್ಯಾಲ ಕುಂತುಬಿಟ್ರು. ‘ನಮ್ಮಂಥೋರಿಗಲ್ಲ ಇದು, ನಡಿ’ ಅಂದ್ರು. ಇನ್ನ ಬರಾಕ ಒಲ್ಲೆ ಅಂತಾರ್ರಿ.”

ಉಚ್ಚೆಂಗೆಪ್ಪನ ಹೆಸರಿನ ಮುಂದೆ ಮೂರು ಸಲ ‘ಬಂದಿಲ್ಲ’ ಎಂದಿದ್ದದ್ದು ಅವಳದೇ ಅಕ್ಷರ. ಆ ಮೂರು ದಿನವೂ ಅವನು ಗೋಡೆಯ ಆಚೆ ಇದ್ದ. ಈಚೆ ಅವಳು ಖಾಲಿ ಕುರ್ಚಿಯ ಮುಂದೆ ಕೂತಿದ್ದಳು.

ಉಳಿದವರಿಗೂ ಫೋನ್ ಮಾಡಿದಳು. ಬಹುಪಾಲು ಇದೇ ಕಥೆ. ಕುರುಗೋಡಿನ ಅನಿತಾಳ ನಂಬರಿಗೆ ಅವಳ ಅಣ್ಣ ಸಿಕ್ಕ. “ಆಕಿ ತೀರಿಹೋಗಿ ಎರಡು ತಿಂಗಳಾತ್ರಿ,” ಎಂದ. ಹೇಗೆ ಎಂದು ಕೇಳುವ ಧೈರ್ಯ ಸಂಘಮಿತ್ರಾಳಿಗೆ ಬರಲಿಲ್ಲ.

ಮರುದಿನ ವಿಭಾಗದ ಮುಖ್ಯಸ್ಥ ಶೇಖರ್ ಡಾಕ್ಟರರ ಮುಂದೆ ರಿಜಿಸ್ಟರ್ ಇಟ್ಟಳು.

“ಸರ್, ಇದರಾಗ ನಾನು ಸುಳ್ಳು ಬರದೀನಿ. ಬುಧವಾರ ಸಿರುಗುಪ್ಪದ, ಶುಕ್ರವಾರ ಕುರುಗೋಡಿನ ಆಸ್ಪತ್ರಿಗೆ ನಾನೇ ಹೋಗ್ತೀನಿ.”

“ಇಲ್ಲಿ ಕಾಯೋರ ಗತಿ ಏನಮ್ಮಾ?”

“ಇಲ್ಲಿ ವಾರದಾಗ ಖಾಲಿ ಹೋಗೋ ಹೊತ್ತೆಲ್ಲ ಕೂಡಿಸಿದ್ರ ಎರಡು ದಿನ ಆಕ್ಕೈತ್ರಿ.”

ಡಾಕ್ಟರು ಪುಟ ತಿರುವಿ ತಿರುವಿ ನೋಡಿದರು. ಅವರು ಒಪ್ಪಿದರೂ ಮೇಲಿನವರ ಮಂಜೂರಾತಿಗೆ ಒಂದು ತಿಂಗಳು ಓಡಾಡಬೇಕಾಯಿತು.

ಸಿರುಗುಪ್ಪದ ಮೊದಲ ಬುಧವಾರ ಉಚ್ಚೆಂಗೆಪ್ಪ ಬರಲಿಲ್ಲ. ಎರಡನೆಯ ಬುಧವಾರ ಹೊನ್ನೂರಮ್ಮ ಕೈ ಹಿಡಿದು ಕರೆತಂದು, ಒಳಗೆ ಕೂರಿಸಿ ಹೊರಗೆ ಹೋದಳು. ಅವನು ನೆಲ ನೋಡುತ್ತಾ ಕೂತ.

“ಅಣ್ಣಾ, ನೀವು ಬಂದಿದ್ರಿ. ಬಂದಿಲ್ಲ ಅಂತ ಬರದಾಕಿ ನಾನು. ತಪ್ಪಾತು,” ಎಂದಳು ಸಂಘಮಿತ್ರಾ.

ಅವನು ತಲೆಯೆತ್ತಿದ.

“ಹೋದ ವರ್ಷ ಒಂದಿನ ಗಿರಣ್ಯಾಗ ನನ್ನ ಪಾಳಿ ಇತ್ರಿ. ಜ್ವರ ಅಂತ ಹೇಳಿ ಮನ್ಯಾಗ ಉಳಿದೆ. ನನ್ನ ಬದಲಿ ನನ್ನ ಜೊತಿ ಹಮಾಲಿ ಕೊಟ್ಟೂರಪ್ಪ ಹೋದ. ಭತ್ತದ ಚೀಲ ಕುಸಿದು ಅವನ ಮ್ಯಾಲ ಬಿದ್ವು, ಅಲ್ಲೇ ತೀರಿಕೊಂಡ.” ಉಸಿರು ಎಳೆದುಕೊಂಡ. “ಜ್ವರ ಇರಲಿಲ್ರಿ ನನಗ.”

ಅವನು ಅತ್ತು ಮುಗಿಯುವವರೆಗೂ ಅವಳು ಎದುರಿಗೆ ಕೂತಳು.

ಭತ್ತದ ಕೊಯ್ಲಿನ ಹೊತ್ತಿಗೆ ಕಾಯುವ ಕಾಲ ನಾಲ್ಕು ತಿಂಗಳಿಂದ ಐದು ವಾರಕ್ಕೆ ಇಳಿದಿತ್ತು. ಉಚ್ಚೆಂಗೆಪ್ಪ ಆಮೇಲೆ ಒಂದು ಬುಧವಾರವೂ ತಪ್ಪಿಸಲಿಲ್ಲ. ಒಂದು ದಿನ ಬಂದವನೇ ಹೇಳಿದ:

“ನಿನ್ನೆ ಕೊಟ್ಟೂರಪ್ಪನ ಮನಿಗೆ ಹೋಗಿದ್ದೆ. ಅವರವ್ವ ಜಡೆಮ್ಮಗ ಜ್ವರದ ಮಾತು ಹೇಳಿಬಿಟ್ಟೆ.”

“ಏನಂದ್ರು?”

“ಭಾಳ ಹೊತ್ತು ಅತ್ಲು. ಆಮ್ಯಾಲ, ಹೊತ್ತಾಗೈತಿ, ಉಂಡು ಹೋಗು ಅಂದ್ಲು.”